ಅಪ್ಪನ ಎದೆಬಡಿತಕ್ಕೆ ಐಸ್ ಬಲೂನು: ಕ್ರಯೋಅಬ್ಲೇಶನ್‌ಗೆ ಒಪ್ಪೋ ಮುಂಚೆ ನಾವು ಕೇಳಿದ ಪ್ರಶ್ನೆಗಳು

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡ್ತಿರೋನು. ಚೆನ್ನೈಯಲ್ಲಿ, ಕೋಯಂಬೇಡು ಮಾರ್ಕೆಟ್ಟಿಗೆ ನಡ್ಕೊಂಡು ಹೋಗುವಷ್ಟು ದೂರದಲ್ಲಿ ನಮ್ಮ ಮನೆ. ಇವತ್ತು ನಮ್ಮಪ್ಪನ ಹೃದಯದ ವಿಷಯ ಮಾತಾಡ್ತೀನಿ, ಅವರನ್ನ ಕೇಳೇ ಬಂದಿದೀನಿ. "ಹೇಳು, ಆದ್ರೆ ನಾನು ಕದ್ದು ಮಾತ್ರೆ ಬಿಟ್ಟಿದ್ದನ್ನೂ ಹೇಳ್ಬೇಕು, ಇಲ್ಲಾಂದ್ರೆ ಬೇಡ" ಅಂದ್ರು. ಆ ಭಾಗ ಆಮೇಲೆ ಬರುತ್ತೆ.

ಅಪ್ಪ ಮಾಲೂರು ಕಡೆಯವರು. 1984ರಲ್ಲಿ ಮದ್ರಾಸಿಗೆ ಬಂದು ಕೊತ್ತವಾಲ್ ಚಾವಡಿಯಲ್ಲಿ ಒಬ್ಬ ಮಂಡಿಯವರ ಹತ್ರ ಲೆಕ್ಕ ಬರೀತಿದ್ರು. 1996ರಲ್ಲಿ ಆ ತರಕಾರಿ ಮಾರ್ಕೆಟ್ಟನ್ನ ಕೋಯಂಬೇಡಿಗೆ ಎತ್ತಿ ಹಾಕಿದ್ರಲ್ಲ, ಆವಾಗ ಇವರೂ ಬಂದ್ರು. ಆಮೇಲೆ ಸಣ್ಣದೊಂದು ಟೊಮೇಟೊ ಮಂಡಿ ಮಾಡಿಕೊಂಡ್ರು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಿಂದ ಲೋಡು ಬರುತ್ತೆ. ರಾತ್ರಿ ಎರಡೂವರೆಗೆ ಎದ್ದು ಹೋಗ್ತಾರೆ, ಹನ್ನೊಂದಕ್ಕೆ ವಾಪಸ್. ಈಗ ಅವರಿಗೆ 66. ಹನ್ನೆರಡು ವರ್ಷದಿಂದ ಶುಗರ್ ಇದೆ, ಅದಕ್ಕಿಂತ ಮುಂಚಿನಿಂದ ಬಿಪಿ.

ಹೋದ ವರ್ಷ ಒಂದು ದಿನ ಬೆಳಗಿನ ಜಾವ ಲಾರಿ ಇಳಿಸೋವಾಗ ಅವರಿಗೆ ಎದೆಯಲ್ಲಿ ಏನೋ ಆಯ್ತು. ನೋವಲ್ಲ. "ಒಳಗಡೆ ಯಾರೋ ಟೊಮೇಟೊ ಬಾಕ್ಸು ಉರುಳಿಸ್ದಂಗೆ" ಅಂದ್ರು. ಜೊತೆಗೆ ಸುಸ್ತು, ಬೆವರು. ಹತ್ತಿರದ ಕ್ಲಿನಿಕ್ಕಿಗೆ ಹೋಗೋಷ್ಟರಲ್ಲಿ ಸರಿಹೋಗಿತ್ತು. ಇಸಿಜಿ ನಾರ್ಮಲ್. ಗ್ಯಾಸ್ ಅಂದು ಮಾತ್ರೆ ಕೊಟ್ರು. ಎಂಟು ತಿಂಗಳಲ್ಲಿ ಮೂರು ಸಲ ಹೀಗೇ ಆಯ್ತು, ಮೂರು ಸಲವೂ ಗ್ಯಾಸ್.

ನಾಲ್ಕನೇ ಸಲ ಮನೇಲಿದ್ರು, ಭಾನುವಾರ ಮಧ್ಯಾಹ್ನ. ನಾನು ನನ್ನ ಕೈಯಲ್ಲಿದ್ದ ವಾಚು ಬಿಚ್ಚಿ ಅವರ ಕೈಗೆ ಕಟ್ಟಿದೆ. ಈಗಿನ ಕೆಲವು ವಾಚುಗಳು ಒಂದು ಎಳೆಯ ಇಸಿಜಿ ತೆಗೀತವೆ, ಮೂವತ್ತು ಸೆಕೆಂಡು. ನನ್ನ ಎಂಟೆಕ್ ಥೀಸಿಸ್ಸು ಸಿಗ್ನಲ್ ಪ್ರೊಸೆಸಿಂಗ್, ಹಾಗಾಗಿ ಗೆರೆ ನೋಡಿದ ತಕ್ಷಣ ಒಂದು ಗೊತ್ತಾಯ್ತು: ಎರಡು ಬಡಿತದ ನಡುವಿನ ಅಂತರ ಒಂದೂ ಇನ್ನೊಂದರ ಥರ ಇಲ್ಲ. ವಾಚೂ ಅದನ್ನೇ ಹೇಳ್ತು, ಏಟ್ರಿಯಲ್ ಫಿಬ್ರಿಲೇಶನ್. ಆಮೇಲೆ ಆಸ್ಪತ್ರೆಯಲ್ಲಿ ಏಳು ದಿನದ ಹೋಲ್ಟರ್ ಹಾಕಿ ಅದನ್ನ ಖಚಿತ ಮಾಡಿದ್ರು. ವಾಚು ಅನುಮಾನ ಹುಟ್ಟಿಸುತ್ತೆ ಅಷ್ಟೇ. ರೋಗ ಇದೆ ಅಂತ ತೀರ್ಮಾನ ಮಾಡೋದು ಡಾಕ್ಟರ್ ನೋಡಿದ ಇಸಿಜಿ.

ಇದು ಏನು ಅಂತ ಸ್ವಲ್ಪ ಹೇಳ್ತೀನಿ. ಹೃದಯದ ಮೇಲಿನ ಎರಡು ಕೋಣೆ ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ. ಮೇಲೆ ಬಲಗಡೆ ಒಂದು ಕಡೆಯಿಂದ ವಿದ್ಯುತ್ ಹೊರಡುತ್ತೆ, ಮೇಲಿನ ಕೋಣೆ ಹಿಂಡುತ್ತೆ, ಆಮೇಲೆ ಎ.ವಿ. ನೋಡ್ ಅನ್ನೋ ಒಂದು ಗೇಟ್ ದಾಟಿ ಕೆಳಗೆ ಬರುತ್ತೆ. ಎ.ಎಫ್. ಬಂದಾಗ ಮೇಲಿನ ಕೋಣೆಯಲ್ಲಿ ನಿಮಿಷಕ್ಕೆ 350ರಿಂದ 600 ಸಂಜ್ಞೆಗಳು ಎಲ್ಲಾ ಕಡೆಯಿಂದ ಏಳ್ತವೆ. ಕೋಣೆ ಹಿಂಡೋದಿಲ್ಲ, ನಡುಗುತ್ತೆ. ರಾತ್ರಿ ಮೂರು ಗಂಟೆಗೆ ಕೋಯಂಬೇಡು ಗೇಟ್ ಹತ್ರ ನಿಂತು ನೋಡಿ, ಗೊತ್ತಾಗುತ್ತೆ. ಆಂಧ್ರದ ಲಾರಿ, ಕೋಲಾರದ ಲಾರಿ, ಹೊಸೂರಿನ ಲಾರಿ, ಎಲ್ಲರೂ ಹಾರ್ನ್ ಹೊಡೀತಿರ್ತಾರೆ. ಕಾವಲುಗಾರ ತನಗೆ ತೋಚಿದಂಗೆ ಒಂದೊಂದನ್ನ ಬಿಡ್ತಾನೆ. ಆ ಕಾವಲುಗಾರನೇ ಎ.ವಿ. ನೋಡ್. ಅದಕ್ಕೇ ನಾಡಿ ಹಿಡಿದರೆ ತಾಳ ತಪ್ಪಿದಂಗೆ ಇರುತ್ತೆ.

ಈ ಲಾರಿಗಳು ಎಲ್ಲಿಂದ ಬರ್ತವೆ ಅನ್ನೋದು ತುಂಬಾ ವರ್ಷ ಸರಿಯಾಗಿ ಗೊತ್ತಿರಲಿಲ್ಲ. 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಾಗೆರ್ ಮತ್ತು ಅವರ ತಂಡ 45 ರೋಗಿಗಳಲ್ಲಿ ಹುಡುಕಿ ನೋಡಿದ್ರು. ಎ.ಎಫ್. ಶುರು ಮಾಡೋ ಕಿಡಿಗಳಲ್ಲಿ 94% ಒಂದೇ ಕಡೆ ಸಿಕ್ಕಿದವು. ಅದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರೋ ಪಲ್ಮನರಿ ವೇನ್‌ಗಳ ಒಳಗೆ. ಸಾಮಾನ್ಯವಾಗಿ ನಾಲ್ಕು ಇರ್ತವೆ. ಹೃದಯದ ಸ್ನಾಯು ಕೋಟಿನ ತೋಳಿನ ಥರ ಸ್ವಲ್ಪ ದೂರ ಆ ನಾಳಗಳ ಒಳಗೆ ಹೋಗಿರುತ್ತೆ, ಅಲ್ಲಿಂದ ತರಲೆ. ಹಾಗಾದ್ರೆ ಆ ನಾಲ್ಕು ಬಾಯಿಗಳ ಸುತ್ತ ವಿದ್ಯುತ್ ದಾಟದ ಹಾಗೆ ಒಂದೊಂದು ಬೇಲಿ ಹಾಕಿದ್ರೆ? ಇವತ್ತಿನ ಅಬ್ಲೇಶನ್ ಎಲ್ಲಾ ನಿಂತಿರೋದು ಈ ಯೋಚನೆ ಮೇಲೆ. ಬೇಲಿಯನ್ನ ಸುಟ್ಟು ಹಾಕಬಹುದು, ಅದು ರೇಡಿಯೋಫ್ರೀಕ್ವೆನ್ಸಿ. ಹೆಪ್ಪುಗಟ್ಟಿಸಿ ಹಾಕಬಹುದು, ಅದು ಕ್ರಯೋ.

ನಮ್ಮ ಡಾಕ್ಟರ್ ಎರಡನ್ನೂ ಹೇಳಿ, ಅಪ್ಪನಿಗೆ ಕ್ರಯೋ ಹೊಂದಬಹುದು ಅಂದ್ರು. ಯಾಕಂದ್ರೆ ಇವರದ್ದು ಬಂದು ಹೋಗೋ ಥರದ ಎ.ಎಫ್., ಇನ್ನೂ ಖಾಯಂ ಆಗಿಲ್ಲ. ವಾಲ್ವ್ ಸರಿ ಇದೆ, ಹೃತ್ಕರ್ಣ ಜಾಸ್ತಿ ಹಿಗ್ಗಿಲ್ಲ. ಅಂದಾಜು ಖರ್ಚು ನಾಲ್ಕೂವರೆ ಲಕ್ಷ ಅಂತ ಒಂದು ಚೀಟಿ ಕೊಟ್ರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನಮ್ಮ ದೇಶದಲ್ಲಿ ಎ.ಎಫ್. ಇರೋ ಬಹಳ ಜನಕ್ಕೆ ಅದು ಬರೋದು ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ ಕೆಟ್ಟು. ಅವರ ದಾರಿ ಬೇರೆ. ಅವರಿಗೆ ಹೊಸ ರಕ್ತ ತೆಳು ಮಾಡೋ ಮಾತ್ರೆಗಿಂತ ಹಳೇ ವಾರ್ಫರಿನ್ ಜಾತಿಯ ಮಾತ್ರೆಯೇ ಮೇಲು ಅಂತ 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿದೆ. ನಾನು ಹೇಳ್ತಿರೋ ಲೆಕ್ಕ ಯಾವುದೂ ಅವರಿಗೆ ಅನ್ವಯಿಸಲ್ಲ. ದಯವಿಟ್ಟು ಈ ವಿಡಿಯೋ ನೋಡಿ ಮಾತ್ರೆ ಬದಲಾಯಿಸಬೇಡಿ.

ಕ್ರಯೋ ಹೇಗೆ ಮಾಡ್ತಾರೆ ಅನ್ನೋದು ನನಗೆ ನಿಜವಾಗಿ ಇಷ್ಟ ಆದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ. ತೊಡೆಸಂದಿಯ ರಕ್ತನಾಳದಿಂದ ಒಂದು ಕೊಳವೆ ಬಲ ಹೃತ್ಕರ್ಣಕ್ಕೆ ಹೋಗುತ್ತೆ. ಎರಡು ಕೋಣೆ ನಡುವಿನ ತೆಳು ಗೋಡೆಯನ್ನ ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟ್ತಾರೆ. ಅಲ್ಲಿ ಒಂದು ಬಲೂನು ಉಬ್ಬಿಸ್ತಾರೆ, 28 ಮಿಲಿಮೀಟರ್ ಅಗಲದ್ದು ಸಾಮಾನ್ಯ. ಅದನ್ನ ನಾಳದ ಬಾಯಿಗೆ ಬೆಂಡಿನ ಥರ ಒತ್ತಿ, ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ಸೋರ್ತಿದೆಯಾ ನೋಡ್ತಾರೆ. ಸೋರದಿದ್ರೆ ಬಲೂನಿನೊಳಗೆ ದ್ರವರೂಪದ ನೈಟ್ರಸ್ ಆಕ್ಸೈಡ್ ಬಿಡ್ತಾರೆ. ಹೌದು, ಹಲ್ಲಿನ ಡಾಕ್ಟರ್ ಹತ್ರ ಇರೋ ನಗೆ ಅನಿಲವೇ. ಅದು ಮೈನಸ್ 88 ಡಿಗ್ರಿಯಲ್ಲೇ ಕುದಿಯೋ ವಸ್ತು. ಒತ್ತಡ ಇಳಿದ ತಕ್ಷಣ ಆವಿಯಾಗುತ್ತೆ, ಆವಿಯಾಗೋಕೆ ಬೇಕಾದ ಶಾಖವನ್ನ ಸುತ್ತಲಿಂದ ಎಳ್ಕೊಳ್ಳುತ್ತೆ.

ಅಪ್ಪನಿಗೆ ಇದನ್ನ ವಿವರಿಸೋಕೆ ನಾನು ಜೂಲ್, ಥಾಮ್ಸನ್ ಅಂತ ಶುರು ಮಾಡಿದ್ದೆ. ಅವರೇ ತಡೆದು, "ನಮ್ಮ ಟೀ ಅಂಗಡಿ ಸಿಲಿಂಡರಾ?" ಅಂದ್ರು. ಮಾರ್ಕೆಟ್ಟಿನ ಟೀ ಅಂಗಡಿಯಲ್ಲಿ ಬೆಳಗಿನ ಜಾವ ಒಲೆ ಜೋರಾಗಿ ಉರಿಯೋವಾಗ ಗ್ಯಾಸ್ ಸಿಲಿಂಡರಿನ ಕೆಳಭಾಗ ಬೆವರುತ್ತೆ, ಒಮ್ಮೊಮ್ಮೆ ಬಿಳಿ ಮಂಜೂ ಕಟ್ಟುತ್ತೆ. ಒಳಗಿನ ದ್ರವ ಅನಿಲ ಆಗ್ತಾ ತಣ್ಣಗಾಗೋದು. ಅದೇ ತತ್ವ. ನಲವತ್ತು ವರ್ಷ ಬೆಳಗಿನ ಟೀ ಕುಡಿದವರಿಗೆ ಪಾಠ ಬೇಕಾಗಿರಲಿಲ್ಲ.

ಬಲೂನಿನ ಒಳಗಿನ ಉಷ್ಣಮಾಪಕ ಮೈನಸ್ 40ರಿಂದ 55ರ ಆಸುಪಾಸು ತೋರಿಸುತ್ತೆ. ಮೂರು, ನಾಲ್ಕು ನಿಮಿಷ ಹಾಗೇ ಹಿಡೀತಾರೆ. ಜೀವಕೋಶದ ನೀರು ಹರಳುಗಟ್ಟಿ ಕೋಶ ಒಡೆಯುತ್ತೆ, ಮುಂದೆ ಅಲ್ಲಿ ಕಲೆ ಕಟ್ಟುತ್ತೆ, ಕಲೆಯಲ್ಲಿ ವಿದ್ಯುತ್ ಹರಿಯಲ್ಲ. ಬಲೂನಿಗೆ ಎರಡು ಪದರ ಇರುತ್ತೆ, ಅನಿಲವನ್ನ ವಾಪಸ್ ಹೊರಗೆ ಎಳ್ಕೊಳ್ತಾರೆ, ರಕ್ತಕ್ಕೆ ಬಿಡಲ್ಲ. ಸುಡೋ ವಿಧಾನದಲ್ಲಿ ಚುಕ್ಕೆ ಚುಕ್ಕೆಯಾಗಿ ಬೇಲಿ ಹಾಕ್ಬೇಕು, ಇಲ್ಲಿ ಒಂದೇ ಸಲ ಪೂರ್ತಿ ಉಂಗುರ.

ಅಪಾಯ ಏನು? ಬಲಗಡೆ ನಾಳಗಳ ಪಕ್ಕದಲ್ಲೇ ಫ್ರೆನಿಕ್ ಅನ್ನೋ ನರ ಹೋಗುತ್ತೆ, ಉಸಿರಾಟದ ವಪೆಯನ್ನ ಆಡಿಸೋ ನರ. ಅದಕ್ಕೂ ಥಂಡಿ ತಾಗಬಹುದು. ಅದಕ್ಕೆ ಬಲಗಡೆ ಹೆಪ್ಪುಗಟ್ಟಿಸೋವಾಗ ಮೇಲಿಂದ ಆ ನರಕ್ಕೆ ತಟ್ಟಿ ತಟ್ಟಿ ವಪೆ ಕುಣಿಯೋ ಹಾಗೆ ಮಾಡ್ತಾರೆ, ಒಬ್ಬರು ಹೊಟ್ಟೆ ಮೇಲೆ ಕೈ ಇಟ್ಟು ನೋಡ್ತಿರ್ತಾರೆ. ಕುಣಿತ ಸೊರಗಿದ್ರೆ ತಕ್ಷಣ ನಿಲ್ಲಿಸ್ತಾರೆ. ಇಷ್ಟೆಲ್ಲಾ ಯಂತ್ರದ ನಡುವೆ ಕೊನೆಗೆ ಕಾವಲಿಗೆ ಇರೋದು ಒಂದು ಅಂಗೈ. ಇದಲ್ಲದೆ ಹೃದಯದ ಸುತ್ತ ರಕ್ತ ತುಂಬೋದು, ಪಾರ್ಶ್ವವಾಯು, ತೊಡೆಸಂದಿಯಲ್ಲಿ ರಕ್ತಸ್ರಾವ, ಅಪರೂಪಕ್ಕೆ ಅನ್ನನಾಳಕ್ಕೆ ಪೆಟ್ಟು. ಪ್ರತಿಯೊಂದೂ ಕಡಿಮೆ, ಯಾವುದೂ ಸೊನ್ನೆ ಅಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ. ಮನೆಗೆ ಬಂದು ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಇಂಜಿನಿಯರ್ ಬುದ್ಧಿ, ಬಿಸಿ ವರ್ಸಸ್ ಥಂಡಿ, ಹದಿನಾಲ್ಕು ಸಾಲು. 2016ರ ಫೈರ್ ಆಂಡ್ ಐಸ್ ಅಧ್ಯಯನ ಓದಿದೆ, 762 ರೋಗಿಗಳು. ಒಂದು ವರ್ಷದಲ್ಲಿ ವಿಫಲ ಆಗಿದ್ದು ಥಂಡಿಯಲ್ಲಿ 34.6%, ಬಿಸಿಯಲ್ಲಿ 35.9%. ಅಂದ್ರೆ ಹೆಚ್ಚುಕಮ್ಮಿ ಸಮ. ಫ್ರೆನಿಕ್ ನರದ ತೊಂದರೆ ಥಂಡಿ ಗುಂಪಿನಲ್ಲಿ ಡಿಸ್ಚಾರ್ಜ್ ಹೊತ್ತಿಗೆ 2.7%, ಅದರಲ್ಲಿ ಬಹುಪಾಲು ವರ್ಷದೊಳಗೆ ಸರಿಹೋಯ್ತು. ಇನ್ನೂ ಹೊಸದು ಪಲ್ಸ್ಡ್ ಫೀಲ್ಡ್, ಶಾಖವೂ ಇಲ್ಲ, ಥಂಡಿಯೂ ಇಲ್ಲ, ಕ್ಷಣಿಕ ವಿದ್ಯುತ್ ಹೊಡೆತ. ಅದಕ್ಕೆ ಅಮೆರಿಕದಲ್ಲಿ 2023ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ. ಅದಕ್ಕೂ ಒಂದು ಕಾಲಮ್ ಹಾಕಿದೆ. ಎರಡು ವಾರ ಹೀಗೇ ಕಳೆದೆ. ಅಪ್ಪನಿಗೆ ಇದರಿಂದ ಏನು ಬೇಕು ಅನ್ನೋ ಸಾಲು ಆ ಹದಿನಾಲ್ಕರಲ್ಲಿ ಇರಲಿಲ್ಲ.

ಅದು ಗೊತ್ತಾಗಿದ್ದು ಅಮ್ಮನಿಂದ. ಡಾಕ್ಟರ್ ಮೊದಲ ದಿನವೇ ರಕ್ತ ತೆಳು ಮಾಡೋ ಅಪಿಕ್ಸಬಾನ್ ಬರೆದುಕೊಟ್ಟಿದ್ರು, ದಿನಕ್ಕೆ ಎರಡು. ಒಂದು ದಿನ ಅಮ್ಮ, "ಈ ತಿಂಗಳು ಮಾತ್ರೆ ತರೋದು ಬೇಡ ಕಣೋ, ಇನ್ನೂ ಎರಡು ಪಟ್ಟಿ ಹಾಗೇ ಇದೆ" ಅಂದ್ಲು. ನಾನು ಎಣಿಸಿದೆ. ಇಪ್ಪತ್ತಮೂರು ಮಾತ್ರೆ ಜಾಸ್ತಿ ಇತ್ತು.

ಅಪ್ಪ ಸುಳ್ಳು ಹೇಳಲಿಲ್ಲ. ಹಳೇ ಮರದ ಪೆಟ್ಟಿಗೆಯ ಮೊಳೆ ತಾಗಿ ಅಂಗೈ ಕೊಯ್ದಿತ್ತಂತೆ. ರಕ್ತ ನಿಲ್ಲೋಕೆ ಹೊತ್ತಾಯ್ತು, ಲೆಕ್ಕದ ಪುಸ್ತಕದ ಮೇಲೆಲ್ಲಾ ಆಯ್ತು, ಹಮಾಲಿ ಹುಡುಗರು ಗಾಬರಿ ಆದ್ರು. ಅವತ್ತಿನಿಂದ ಮಾರ್ಕೆಟ್ಟಿಗೆ ಹೋಗೋ ದಿನ ಬೆಳಗಿನ ಮಾತ್ರೆ ಬಿಡ್ತಿದ್ರು. "ಹೇಗೂ ಐಸ್ ಇಡಿಸ್ತೀರಲ್ಲ. ಆಮೇಲೆ ಈ ಮಾತ್ರೆ ಬೇಕಾಗಲ್ಲ. ಅಲ್ಲೀತನಕ ಅಡ್ಜಸ್ಟ್ ಮಾಡ್ಕೋತೀನಿ ಅಂದ್ಕೊಂಡೆ" ಅಂದ್ರು. ನಾಲ್ಕೂವರೆ ಲಕ್ಷ ಕೊಡೋಕೆ ಅವರು ತಲೆ ಆಡಿಸಿದ್ದು ಯಾಕೆ ಅಂತ ನನಗೆ ಆವಾಗ ಅರ್ಥ ಆಯ್ತು. ಎದೆಬಡಿತ ಅವರಿಗೆ ಸಹಿಸೋ ವಿಷಯವಾಗಿತ್ತು, ಮಾತ್ರೆ ಮಾತ್ರ ಬೇಡವಾಗಿತ್ತು.

ಆದ್ರೆ ಕ್ರಯೋ ಆ ಮಾತ್ರೆಯನ್ನ ನಿಲ್ಲಿಸೋ ಚಿಕಿತ್ಸೆ ಅಲ್ಲ.

ಎಡ ಹೃತ್ಕರ್ಣದ ಮೂಲೆಯಲ್ಲಿ ಕಿವಿ ಆಕಾರದ ಒಂದು ಪುಟ್ಟ ಚೀಲ ಇದೆ. ಕೋಣೆ ಹಿಂಡದೆ ನಡುಗಿದಾಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತೆ. ಆ ಹೆಪ್ಪು ಮೆದುಳಿಗೆ ಹೋದ್ರೆ ಲಕ್ವ. ಯಾರಿಗೆ ಎಷ್ಟು ಅಪಾಯ ಅಂತ ನೋಡೋಕೆ ಡಾಕ್ಟರುಗಳು ಒಂದು ಸ್ಕೋರ್ ಹಾಕ್ತಾರೆ, ಚಾಡ್ಸ್-ವ್ಯಾಸ್ಕ್ ಅಂತ. ಅಪ್ಪನಿಗೆ ಬಿಪಿಗೆ 1, ಶುಗರಿಗೆ 1, 65 ದಾಟಿದ್ದಕ್ಕೆ 1. ಒಟ್ಟು ಮೂರು. ಗಂಡಸರಿಗೆ ಎರಡು ದಾಟಿದ್ರೂ, ಎರಡೇ ಇದ್ರೂ ಮಾತ್ರೆ ಬೇಕು ಅನ್ನುತ್ತೆ ಮಾರ್ಗಸೂಚಿ. ಅಬ್ಲೇಶನ್ ಆದ್ಮೇಲೆ ಈ ಮೂರರಲ್ಲಿ ಯಾವುದು ಹೋಗುತ್ತೆ? ಒಂದೂ ಹೋಗಲ್ಲ. ಶುಗರ್ ಇದ್ದೇ ಇರುತ್ತೆ, ವಯಸ್ಸು ವಾಪಸ್ ಬರಲ್ಲ.

ಇನ್ನೊಂದು ಅಂಕಿ ನನ್ನ ನಿದ್ದೆ ಕೆಡಿಸಿತು. ಕೆನಡಾದ ಅರ್ಲಿ-ಎ.ಎಫ್. ಅಧ್ಯಯನ, 303 ಜನ. ಅರ್ಧ ಜನಕ್ಕೆ ಮೊದಲ ಚಿಕಿತ್ಸೆಯಾಗೇ ಕ್ರಯೋ, ಉಳಿದವರಿಗೆ ಲಯದ ಮಾತ್ರೆ. ಎಲ್ಲರ ಎದೆಯ ಚರ್ಮದ ಕೆಳಗೂ ಹಗಲೂರಾತ್ರಿ ಬಡಿತ ದಾಖಲಿಸೋ ಪುಟ್ಟ ಯಂತ್ರ ಇಟ್ಟಿದ್ರು. ಒಂದು ವರ್ಷದಲ್ಲಿ ಮತ್ತೆ ಲಯ ತಪ್ಪಿದ್ದು ಕ್ರಯೋ ಗುಂಪಿನಲ್ಲಿ 42.9%, ಮಾತ್ರೆ ಗುಂಪಿನಲ್ಲಿ 67.8%. ಕ್ರಯೋ ಗೆದ್ದಿತು, ಸರಿ. ಆದ್ರೆ ರೋಗಿಗೆ ಗೊತ್ತಾಗೋ ಹಾಗೆ ಮರುಕಳಿಸಿದ್ದು ಎಷ್ಟು ಜನಕ್ಕೆ? ಕ್ರಯೋ ಗುಂಪಿನಲ್ಲಿ ಬರೀ 11%. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ, 42.9 ಮತ್ತು 11. ಯಂತ್ರ ಕಂಡಿದ್ದರಲ್ಲಿ ಬಹುಪಾಲು ಮನುಷ್ಯನಿಗೆ ಗೊತ್ತೇ ಆಗಿಲ್ಲ. ಅದರಲ್ಲಿ ಎಷ್ಟೋ ಚಿಕ್ಕ ಚಿಕ್ಕ ಕಂತುಗಳೇ ಇರಬಹುದು, 30 ಸೆಕೆಂಡ್ ದಾಟಿದ್ರೂ ಲೆಕ್ಕಕ್ಕೆ ಬರುತ್ತೆ. ಆದ್ರೂ "ನಂಗೇನೂ ಆಗ್ತಿಲ್ಲ, ಹಾಗಾಗಿ ಎ.ಎಫ್. ಹೋಗಿದೆ" ಅನ್ನೋ ತರ್ಕ ನಿಲ್ಲಲ್ಲ. ಅಪ್ಪ ಮಾತ್ರೆ ನಿಲ್ಲಿಸೋಕೆ ಇಟ್ಕೊಂಡಿದ್ದ ಅಳತೆಗೋಲು ಅದೇ ಆಗಿತ್ತು.

ನ್ಯಾಯವಾಗಿ ಇನ್ನೊಂದು ಪಕ್ಕವನ್ನೂ ಹೇಳ್ಬೇಕು. 2025ರಲ್ಲಿ ದಕ್ಷಿಣ ಕೊರಿಯಾದಿಂದ ಒಂದು ಅಧ್ಯಯನ ಬಂತು, 840 ಜನ. ಅಬ್ಲೇಶನ್ ಆಗಿ ಕನಿಷ್ಠ ಒಂದು ವರ್ಷ ಮರುಕಳಿಸದೇ ಇದ್ದವರಲ್ಲಿ ಮಾತ್ರೆ ನಿಲ್ಲಿಸಿದವರಿಗೆ ತೊಂದರೆ ಕಡಿಮೆಯೇ ಆಯ್ತು, ಮುಖ್ಯವಾಗಿ ರಕ್ತಸ್ರಾವ ತಪ್ಪಿದ್ದರಿಂದ. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದ್ರೆ ಆ ಬಾಗಿಲು ಇರೋದು ಒಂದು ವರ್ಷದ ಆಚೆ, ಮತ್ತೆ ಮತ್ತೆ ಪರೀಕ್ಷೆ ಮಾಡಿ ನೋಡಿದ ಮೇಲೆ, ಡಾಕ್ಟರ್ ಜೊತೆ ಕೂತು ಮಾತಾಡಿ.

ಎರಡನೇ ಸಲ ಡಾಕ್ಟರ್ ಹತ್ರ ಹೋದಾಗ ಮಾತ್ರೆ ಬಿಟ್ಟಿದ್ದನ್ನ ಅಪ್ಪನೇ ಹೇಳಿದ್ರು. ಅವರು ಬೈಯಲಿಲ್ಲ. ಆದ್ರೆ ನಾನು ಎಲ್ಲೂ ಗಮನ ಕೊಟ್ಟಿರದ ಒಂದು ವಿಷಯ ಹೇಳಿದ್ರು: ಈ ಮಾತ್ರೆ ಅಬ್ಲೇಶನ್ನಿಗೆ ಮುಂಚೆಯೂ ಬೇಕು. ಕನಿಷ್ಠ ಮೂರು ವಾರ ಒಂದೂ ಬಿಡದೆ ತಗೊಂಡಿರಬೇಕು. ಮಧ್ಯೆ ಬಿಟ್ಟಿದ್ರೆ ಆ ಚೀಲದಲ್ಲಿ ಹೆಪ್ಪು ಇದೆಯಾ ಅಂತ ಗಂಟಲಿನಿಂದ ಎಕೋ ಮಾಡಿ ನೋಡ್ಬೇಕು, ಇದ್ರೆ ಅವತ್ತಿನ ಕೆಲಸ ರದ್ದು. ಯಾಕಂದ್ರೆ ಕೊಳವೆ ಹೋಗೋದು ಅದೇ ಕೋಣೆಗೆ. ಆದ್ಮೇಲೆ ಎರಡು ಮೂರು ತಿಂಗಳಂತೂ ಯಾರೇ ಆಗಲಿ ತಗೋಬೇಕು, ಹೆಪ್ಪುಗಟ್ಟಿಸಿದ ಜಾಗ ಮಾಯೋವರೆಗೆ. ಅಪ್ಪನ ಲೆಕ್ಕದಲ್ಲಿ ಮುಂದೆ ಅಷ್ಟು ಹೊತ್ತಿಗೂ ಮೂರು ಅಂಕ ಹಾಗೇ ಇರುತ್ತೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಹಾಗಾದ್ರೆ ಇಷ್ಟು ದುಡ್ಡು ಕೊಟ್ಟು ನಂಗೆ ಸಿಗೋದೇನು ಡಾಕ್ಟ್ರೇ?" ಅಂತ ಕೇಳಿದ್ರು. ನನ್ನ ಹದಿನಾಲ್ಕು ಸಾಲಿನಲ್ಲಿ ಇಲ್ಲದ ಪ್ರಶ್ನೆ. ಡಾಕ್ಟರ್ ಕೊಟ್ಟ ಉತ್ತರ ಇಷ್ಟು: ಬಾಕ್ಸು ಉರುಳೋದು ಬಹುಶಃ ತುಂಬಾ ಕಮ್ಮಿ ಆಗುತ್ತೆ. ಬಂದು ಹೋಗೋದು ಖಾಯಂ ಆಗೋದನ್ನ ತಡೆಯೋ ಸಾಧ್ಯತೆ ಇದೆ. ಅದೇ ಕೆನಡಾದ ಅಧ್ಯಯನದಲ್ಲಿ ಮೂರು ವರ್ಷದಲ್ಲಿ ಖಾಯಂ ರೂಪಕ್ಕೆ ತಿರುಗಿದ್ದು ಕ್ರಯೋ ಗುಂಪಿನಲ್ಲಿ 1.9%, ಮಾತ್ರೆ ಗುಂಪಿನಲ್ಲಿ 7.4%. ಲಯದ ಮಾತ್ರೆಗಳ ಅಡ್ಡಪರಿಣಾಮ ತಪ್ಪುತ್ತೆ. ಕೆಲವರಿಗೆ ಎರಡನೇ ಸಲ ಮಾಡ್ಬೇಕಾಗುತ್ತೆ. ಮಾಡಿಸದೇ ಇದ್ರೂ ತಪ್ಪಿಲ್ಲ, ಮಾತ್ರೆಯಲ್ಲಿ ನೋಡೋಣ. ಆಯುಸ್ಸು ಜಾಸ್ತಿ ಆಗುತ್ತೆ ಅಂತ ನಿಮಗೆ ಮಾತು ಕೊಡೋಕೆ ಆಗಲ್ಲ. ಕೊನೇ ಮಾತನ್ನ ಅವರಾಗೇ ಹೇಳಿದ್ದು ನನಗೆ ಹಿಡಿಸಿತು.

ಅಂಗೈ ಗಾಯಕ್ಕೆ ಹತ್ತು ನಿಮಿಷ ಬಟ್ಟೆ ಒತ್ತಿ ಹಿಡೀರಿ, ನಡುವೆ ತೆಗೆದು ನೋಡ್ಬೇಡಿ, ಆಗಲೂ ನಿಲ್ಲದಿದ್ರೆ ಬನ್ನಿ ಅಂದ್ರು. ಪೆಟ್ಟಿಗೆ ಮುಟ್ಟೋವಾಗ ಕೈಗವಸು ಹಾಕಿ ಅಂದ್ರು. ಮಾತ್ರೆ ಹೊತ್ತನ್ನೂ ಬದಲಾಯಿಸಿದ್ರು: ಬೆಳಿಗ್ಗೆ ಎಂಟಕ್ಕೆ ಮಾರ್ಕೆಟ್ಟಿನ ತಿಂಡಿ ಜೊತೆ ಒಂದು, ರಾತ್ರಿ ಎಂಟಕ್ಕೆ ಮಲಗೋ ಮುಂಚೆ ಒಂದು.

ಹೊರಗೆ ಬಂದು ಮೆಟ್ರೋ ಹತ್ತಿದ್ವಿ. ಕೋಯಂಬೇಡು ಸ್ಟೇಷನ್ ಬರೋವರೆಗೆ ಅಪ್ಪ ಮಾತಾಡಲಿಲ್ಲ. ಇಳಿದ ಮೇಲೆ, "ಪೊಂಗಲ್ ಮುಗೀಲಿ" ಅಂದ್ರು. ಪೊಂಗಲ್ ಹೊತ್ತಲ್ಲಿ ಮಾರ್ಕೆಟ್ಟು ಕಬ್ಬು, ಅರಿಶಿನದ ಗಿಡ ಅಂತ ತುಂಬಿ ತುಳುಕ್ತಿರುತ್ತೆ, ಮಂಡಿ ಬಿಟ್ಟು ಬರೋಕಾಗಲ್ಲ. ಮುಗಿದ ಮೇಲೆ ಮಾಡಿಸೋಣ, ಆದ್ರೆ ಎದೆ ಹಗುರಾಗೋಕೆ, ಮಾತ್ರೆ ಬಿಡೋಕಲ್ಲ ಅಂದ್ರು. ಜನವರಿ ಕೊನೇ ವಾರಕ್ಕೆ ದಿನ ತಗೊಂಡಿದೀವಿ. ಅದಾದ ಮೇಲೆ ಒಂದು ವಾರ ಭಾರ ಎತ್ತೋ ಹಾಗಿಲ್ಲ, ಆ ವಾರ ಗಲ್ಲಾದಲ್ಲಿ ನಾನು ಕೂರ್ಬೇಕಂತೆ, ರಜೆ ಹಾಕಿದೀನಿ. ಟೊಮೇಟೊ ರೇಟು ನನಗೆ ಒಂದೂ ಗೊತ್ತಿಲ್ಲ.

ಈಗ ಮಾತ್ರೆ ಡಬ್ಬಿ ಮಂಡಿಯ ಗಲ್ಲಾದಲ್ಲೇ ಇರುತ್ತೆ. ಬೆಳಿಗ್ಗೆ ಎಂಟಕ್ಕೆ ಹಮಾಲಿ ಹುಡುಗ ಇಡ್ಲಿ ಪೊಟ್ಟಣ ತಂದು ಇಟ್ಟು, "ಐಯಾ, ಮಾತ್ರೈ ಪೋಟ್ಟಾಚ್ಚಾ?" ಅಂತ ಕೇಳ್ತಾನೆ. ನಲವತ್ತೊಂದು ದಿನ ಆಯ್ತು, ಅಮ್ಮನ ಎಣಿಕೆಯಲ್ಲಿ ಒಂದೂ ಜಾಸ್ತಿ ಉಳಿದಿಲ್ಲ.

ಇಷ್ಟೇ ನನ್ನ ಮಾತು. ಪ್ರಶ್ನೆ ಇದ್ರೆ ಕೇಳಿ, ಗೊತ್ತಿರೋದನ್ನ ಹೇಳ್ತೀನಿ, ಉಳಿದಿದ್ದನ್ನ ನಿಮ್ಮ ಡಾಕ್ಟರನ್ನ ಕೇಳಿ.